ಶ್ರೀಮತಿ ಷೀಲಾ ವಾಲ್ಷ್‌ರವರ ಗಾನವೂ ಮೌನವೂ

ಚಿಕ್ಕರಸಿನಕೆರೆಯ ಸೀಮೆಯಲ್ಲಿ ಹರಿಕಥೆಯನ್ನು ಕೇಳದ ಹಿರಿಯರು ವಿರಳ. ದಾಸರು ಒಂದು ಪದವನ್ನು ಹಾಡಿ, ತಾಳವನ್ನು ನಿಲ್ಲಿಸಿ, ಅದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳಿ, ನಡುವೆ ಒಂದು ನಗೆಮಾತನ್ನಾಡಿ, ಪುನಃ ಹಾಡಿಗೆ ತೊಡಗುವರು. ಪಶ್ಚಿಮ ದೇಶಗಳ ಕೆಲವು ಕ್ರೈಸ್ತ ಗಾಯಕರು ದೂರದರ್ಶನದಲ್ಲಿ ನಡೆಸುವ ಕಾರ್ಯವೂ ಬಹುಮಟ್ಟಿಗೆ ಇಂತಹುದೇ. ಆದರೆ ದಾಸರ ಕಥೆಯು ಒಂದು ರಾತ್ರಿಗೆ ಮುಗಿಯುವುದು. ದೂರದರ್ಶನದ ನಿರೂಪಕಿಯಾದರೋ ದಿನದಿನವೂ ನಗುಮೊಗದಿಂದಲೇ ಕಾಣಿಸಿಕೊಳ್ಳಬೇಕು. ಈ ಕಟ್ಟಳೆಯ ಭಾರವೆಷ್ಟೆಂಬುದನ್ನು ತಿಳಿಯಲು ಶ್ರೀಮತಿ ಷೀಲಾ ವಾಲ್ಷ್‌ರವರ ಚರಿತ್ರೆಯು ತಕ್ಕುದಾಗಿದೆ.

ಇವರು 1956ರಲ್ಲಿ ಸ್ಕಾಟ್ಲೆಂಡಿನ ಏರ್ ಎಂಬ ಕಡಲತೀರದ ಪಟ್ಟಣದಲ್ಲಿ ಜನಿಸಿದರು. ಇವರು ಹಸುಳೆಯಾಗಿದ್ದಾಗಲೇ ತಂದೆಗೆ ಮೆದುಳಿನ ವ್ಯಾಧಿಯು ತಗಲಿ, ಪ್ರೀತಿಯ ಸ್ವಭಾವದವರಾಗಿದ್ದ ಅವರು ಕ್ರೋಧವಶರಾದರು. ಅವರನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. ಅಲ್ಲಿಂದ ತಪ್ಪಿಸಿಕೊಂಡು ಹೋಗಿ ನದಿಯಲ್ಲಿ ಮುಳುಗಿ ಮೃತರಾದರು. ತಾಯಿಯು ಮಕ್ಕಳನ್ನು ಸಾಕಿ ಬೆಳೆಸಿದರು. ಮನೆಯಲ್ಲಿ ಆ ವಿಷಯವನ್ನು ಎತ್ತುವವರಿರಲಿಲ್ಲ. ಮುಂದೆ ನಡೆದುದನ್ನೆಲ್ಲ ನೋಡಿದರೆ, ಆ ಮೌನವೇ ರೋಗಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡಿತೆಂದು ನನಗೆ ತೋರುತ್ತದೆ.

ಬಾಲಕಿಯು ಲಂಡನ್ನಿನ ಬೈಬಲ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿ, ಯುವಜನರ ನಡುವೆ ಸುವಾರ್ತಾಸೇವೆಗೆ ಇಳಿದು, ಗಾಯಕಿಯಾದರು. 1981ರಲ್ಲಿ ಇವರ ಪ್ರಥಮ ಗೀತಸಂಪುಟವು ಹೊರಬಂದಿತು. ಇವರು ಹಾಡಿದುದು ‘ಸಮಕಾಲೀನ ಕ್ರೈಸ್ತ ಸಂಗೀತ’ವೆಂಬ ಬಗೆಯದು, ಅಂದರೆ ಆರ್ಗನ್ನಿನೊಡನೆ ಸಭೆಯೆಲ್ಲ ಹಾಡುವ ಹಳೆಯ ಸ್ತೋತ್ರಗಳಲ್ಲ, ಗಿಟಾರು, ಡ್ರಮ್ಮುಗಳೊಡನೆ ಲೌಕಿಕ ಹಾಡುಗಳ ಧಾಟಿಯಲ್ಲಿಯೇ ಭಕ್ತಿಯನ್ನು ಹೇಳುವ ಹಾಡುಗಳು. ಇದನ್ನು ಕಂಡು ಮುಖ ಸಿಂಡರಿಸಿದ ಹಿರಿಯರು ಅಲ್ಲಿಯೂ ಉಂಟು. ಆದರೆ ಜನರಿಗೆ ರೂಢಿಯಾದ ಧಾಟಿಯಲ್ಲಿ ಕ್ರಿಸ್ತಚರಿತ್ರೆಯನ್ನು ಹೇಳುವುದು ಕನ್ನಡಿಗರಿಗೆ ಹೊಸತೇನಲ್ಲ. ನಿಘಂಟಿನ ಕಿಟ್ಟೆಲ್ ಸಾಹೇಬರು 1862ರಷ್ಟು ಹಿಂದೆಯೇ ತಮ್ಮ ‘ಕಥಾಮಾಲೆ’ಯನ್ನು ಈ ದೇಶದ ಪದ್ಯರೀತಿಯಲ್ಲಿ ರಚಿಸಿದರಷ್ಟೆ. 1983ರಲ್ಲಿ ಷೀಲಾರವರು ಪ್ರಸಿದ್ಧ ಗಾಯಕ ಕ್ಲಿಫ್ ರಿಚರ್ಡ್‌ರೊಡನೆ ಯುಗಳಗೀತೆಯೊಂದನ್ನು ಹಾಡಿದರು. ಆ ಮಹಾಶಯರು 1940ರಲ್ಲಿ ನಮ್ಮ ಲಕ್ನೋ ನಗರದಲ್ಲಿ ಹುಟ್ಟಿದವರು. ಅದೇ ದಶಕದಲ್ಲಿ ಬಿ.ಬಿ.ಸಿ. ದೂರದರ್ಶನದ ಕ್ರೈಸ್ತಗಾನದ ಕಾರ್ಯಕ್ರಮಕ್ಕೆ ಇವರು ನಿರೂಪಕಿಯೂ ಆದರು.

1987ರಲ್ಲಿ ಅಮೆರಿಕದ ‘ಸೆವೆನ್ ಹಂಡ್ರೆಡ್ ಕ್ಲಬ್’ ಎಂಬ ಕಾರ್ಯಕ್ರಮದಲ್ಲಿ ಪ್ಯಾಟ್ ರಾಬರ್ಟ್‌ಸನ್‌ರ ಸಹನಿರೂಪಕಿಯಾದರು. ತಿಂಗಳಿಗೆ ಹತ್ತು ಡಾಲರಿನಂತೆ ಕೊಡುವ 700 ಮಂದಿ ದಾನಿಗಳು ಬೇಕೆಂದು 1963ರಲ್ಲಿ ಆ ಸಂಸ್ಥೆಯು ಬೇಡಿದುದೇ ಈ ವಿಚಿತ್ರ ನಾಮಕ್ಕೆ ಕಾರಣ. ಐದು ವರ್ಷ ಇವರು ಅಲ್ಲಿ ಪರರ ಸಂಕಟಗಳನ್ನು ಕೇಳಿ ಸಮಾಧಾನ ಹೇಳಿದರು. ತಮ್ಮ ಸಂಕಟವನ್ನು ಮಾತ್ರ ಯಾರಿಗೂ ಹೇಳಲಿಲ್ಲ. 1992ರಲ್ಲಿ, ಬೆಳಿಗ್ಗೆ ದೂರದರ್ಶನದಲ್ಲಿ ಕುಳಿತಿದ್ದವರು ಆ ರಾತ್ರಿ ಮಾನಸಿಕ ಆಸ್ಪತ್ರೆಯ ಬೀಗ ಹಾಕಿದ ವಿಭಾಗದಲ್ಲಿದ್ದರು. ತೀವ್ರವಾದ ಖಿನ್ನತೆಯೆಂದು ವೈದ್ಯರು ನಿರ್ಣಯಿಸಿದರು. ತಂದೆಯ ಗತಿಯೇ ತನಗೂ ಬಂದಿತೆಂಬ ಭೀತಿಯು ಒಂದೆಡೆ. ಆಸ್ಪತ್ರೆಗೆ ಹೋದವಳ ಮಾತನ್ನು ಇನ್ನಾರು ಕೇಳುವರೆಂಬ ಲೋಕಾಪವಾದವು ಇನ್ನೊಂದೆಡೆ.

ಪ್ರಿಯ ಸಹೋದರಿಯರೇ, ತಾಯಿತಂದೆಗಳೇ, ಇಲ್ಲಿ ತುಸು ನಿಲ್ಲಬೇಕು. ಖಿನ್ನತೆಯು ದುಃಖವಲ್ಲ. ದುಃಖಕ್ಕೆ ಕಾರಣವಿದ್ದು, ಅದು ಕಾಲಕ್ರಮೇಣ ಇಳಿಯುವುದು. ಖಿನ್ನತೆಯಲ್ಲಾದರೋ ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಉತ್ಸಾಹಗಳು ಕೆಡುವುವು, ಪ್ರಿಯವಾದುದೂ ಬೇಡವಾಗುವುದು, ಬದುಕೇ ಬೇಡವೆನಿಸುವುದೂ ಉಂಟು. ಇದು ವಿಶ್ವಾಸದ ಕೊರತೆಯಿಂದ ಬಂದುದೆನ್ನುವುದು, ಜ್ವರವು ಸೋಮಾರಿತನದಿಂದ ಬಂದಿತೆಂದಂತೆ. ಮಗಳಿಗೆ ಸಂಬಂಧ ಕೂಡಿಬಾರದೆಂದು ಇದನ್ನು ಮರೆಮಾಚುವ ಮನೆಗಳು ನಮ್ಮ ಮದ್ದೂರು, ಮಳವಳ್ಳಿಗಳಲ್ಲಿ ಇಲ್ಲವೆನ್ನಲಾಗದು. ಪ್ರಾರ್ಥನೆಯು ಬೇಡವೆಂದು ಷೀಲಾರವರು ಎಂದೂ ಹೇಳಲಿಲ್ಲ. ಅದರೊಡನೆ ಔಷಧವನ್ನೂ ಸೇವಿಸುತ್ತೇನೆಂದು ಬಹಿರಂಗವಾಗಿ ಹೇಳಿದರು. ಸಭೆಯ ಮಧ್ಯದಲ್ಲಿ ನಿಂತು ಹಾಗೆ ಹೇಳುವುದು ಹಾಡುವುದಕ್ಕಿಂತ ಕಷ್ಟ.

ಚಿಕಿತ್ಸೆಯ ತರುವಾಯ ಇವರು ದೈವಶಾಸ್ತ್ರದ ವ್ಯಾಸಂಗವನ್ನು ಮುಂದುವರಿಸಿ, ತಮ್ಮ ಅನುಭವವನ್ನು 1996ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇನ್ನಾರು ಕೇಳುವರೆಂಬ ಭೀತಿಯು ಸುಳ್ಳಾಯಿತು. ಅನಂತರದ ವರ್ಷಗಳಲ್ಲಿ ಸಾವಿರಾರು ಸ್ತ್ರೀಯರು ನೆರೆಯುವ ಸಮ್ಮೇಳನಗಳಲ್ಲಿ ಉಪನ್ಯಾಸ ಮಾಡಿದರು. ಬಾಲಕಿಯರಿಗಾಗಿ ಕಥಾಪುಸ್ತಕಗಳನ್ನು ಬರೆದರು. ಮರಳಿ ದೂರದರ್ಶನದ ನಿರೂಪಕಿಯೂ ಆದರು.

ನಮ್ಮಲ್ಲಿ ಈ ವ್ಯಾಧಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೊಡ್ಡ ಆಶ್ರಯವಾಗಿದೆ. ಅಷ್ಟು ದೂರ ಹೋಗಲಾರದವರು, ಅಥವಾ ಹೋಗಲು ನಾಚುವವರು, 14416 ಎಂಬ ದೂರವಾಣಿಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು. ‘ಟೆಲಿ ಮಾನಸ್’ ಎಂಬ ಈ ಸರ್ಕಾರಿ ಸೇವೆಯು 2022ರ ಅಕ್ಟೋಬರಿನಲ್ಲಿ ಆರಂಭವಾಯಿತು; ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.