ಕುದುರೆ ಮರಿಯ ಆರೈಕೆ: ಮೊದಲ ದಿನದ ಹೊಣೆ

ಮೂಕಪ್ರಾಣಿಯ ನೋವಿಗೆ ಮಾತಿಲ್ಲ. ಹಸಿದ ಕೂಸು ಅತ್ತು ಮನೆಯನ್ನೆಲ್ಲ ಎಬ್ಬಿಸುತ್ತದೆ. ಕಾಯಿಲೆ ಬಿದ್ದ ಕುದುರೆ ಮರಿಯಾದರೋ ಸದ್ದಿಲ್ಲದೆ ಲಾಯದ ಮೂಲೆಯಲ್ಲಿ ಮಲಗಿಬಿಡುತ್ತದೆ. ಆ ಮೌನವನ್ನು ಅರಿಯುವ ಕಣ್ಣು ಮನೆಯಲ್ಲಿದ್ದರೆ ಮರಿ ಉಳಿಯುವ ಸಂಭವ ಹೆಚ್ಚು. ಇಲ್ಲವಾದರೆ ಸಂಜೆ ನೆಟ್ಟಗಿದ್ದ ಮರಿ ಬೆಳಗಾಗುವುದರೊಳಗೆ ಕೈ ಮೀರಿ ಹೋಗಿರುತ್ತದೆ. ಎಳೆಯ ಮರಿಯ ಕಾಯಿಲೆಯಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ ಮಾತ್ರ.

ಮೋಟಾರು ವಾಹನಗಳ ಈ ಕಾಲದಲ್ಲಿ ಕುದುರೆಯ ಮಾತೇಕೆ ಎಂದು ಓದುಗರು ಕೇಳಬಹುದು. ಉತ್ತರದ ಜಿಲ್ಲೆಗಳಲ್ಲಿ ಕುರಿಹಿಂಡಿನೊಡನೆ ಊರೂರು ಅಲೆಯುವ ಕುರಿಗಾಹಿ ಕುಟುಂಬಗಳಿಗೆ ಕುದುರೆ ಇಂದಿಗೂ ಸಂಸಾರದ ಒಂದು ಭಾಗ. ಗುಡಾರ, ಪಾತ್ರೆ, ಹಿಟ್ಟಿನ ಚೀಲ, ಆಗತಾನೆ ಹುಟ್ಟಿದ ಕುರಿಮರಿ, ಇವೆಲ್ಲವೂ ಅದರ ಬೆನ್ನೇರಿಯೇ ಸಾಗಬೇಕು. ಭೀಮಾ ನದಿಯ ಕಣಿವೆಯ ಹೆಸರು ಹೊತ್ತ ಭೀಮಥಡಿ ಎಂಬ ಗಟ್ಟಿಮುಟ್ಟಾದ ದೇಶೀ ತಳಿ ಇಂಥ ಅಲೆಮಾರಿ ಕುಟುಂಬಗಳ ಕೈಯಲ್ಲಿಯೇ ಉಳಿದು ಬಂದಿದೆ. ಮೈಸೂರಿನ ಟಾಂಗಾ, ಮದುವೆಯ ಮೆರವಣಿಗೆ, ಜಾತ್ರೆಯ ಗಾಡಿ ಓಟ, ಇವುಗಳನ್ನು ನೆಚ್ಚಿದ ಮನೆಗಳೂ ಇವೆ.

ಪ್ರಾಣಿವೈದ್ಯವು ನಮ್ಮ ನಾಡಿಗೆ ಹೊಸದೇನೂ ಅಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು, ಮುಂದೆ ಅಭಿನವಚಂದ್ರನು ಕುದುರೆಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಗ್ರಂಥ ರಚಿಸಿದನು. ಪಶುವಿನ ಆರೋಗ್ಯವನ್ನು ಶಾಸ್ತ್ರವೆಂದು ಎಣಿಸಿದ ನಾಡಿನಲ್ಲಿ ಇಂದಿನ ಅರಿವೂ ಸಾಕುವವರ ಮನೆಬಾಗಿಲಿಗೆ ತಲುಪಬೇಕು.

ಹೆಣ್ಣು ಕುದುರೆ ಗರ್ಭ ಹೊರುವುದು ಸುಮಾರು 11 ತಿಂಗಳು, ಎಂದರೆ 340 ದಿನಗಳಷ್ಟು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಆ ಮರಿ ಸತ್ತರೆ ತಾಯಿಯ ಒಂದು ವರ್ಷ, ಅದನ್ನು ಸಾಕಿದವರ ಒಂದು ವರ್ಷ ಎರಡೂ ವ್ಯರ್ಥವಾದಂತೆ. ಬಡ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ.

ಮೊದಲ ಮೂರು ಗಂಟೆಗಳು

ಕುದುರೆಗಳು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿಯೇ ಈಯುತ್ತವೆ. ಆಗ ನೆನಪಿನಲ್ಲಿಡಬೇಕಾದ ಲೆಕ್ಕ ಸುಲಭವಾಗಿದೆ. ಹುಟ್ಟಿದ 1 ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. 2 ಗಂಟೆಯೊಳಗೆ ಕೆಚ್ಚಲನ್ನು ಹುಡುಕಿ ಹಾಲು ಕುಡಿಯಬೇಕು. 3 ಗಂಟೆಯೊಳಗೆ ತಾಯಿಯ ಮಾಸು ಪೂರ್ತಿಯಾಗಿ ಬೀಳಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ‘ಬೆಳಿಗ್ಗೆ ನೋಡೋಣ’ ಎನ್ನದೆ ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಬೀಳದ ಮಾಸನ್ನು ಕೈಯಿಂದ ಎಳೆಯುವುದು ತಾಯಿಯ ಪ್ರಾಣಕ್ಕೇ ಅಪಾಯ.

ಹೊಕ್ಕುಳಬಳ್ಳಿಯನ್ನು ಅವಸರದಿಂದ ಕತ್ತರಿಸಬಾರದು. ತಾಯಿ ಎದ್ದಾಗ, ಇಲ್ಲವೆ ಮರಿ ಮಿಸುಕಾಡಿದಾಗ ಅದು ತಾನಾಗಿಯೇ ಹರಿಯುತ್ತದೆ. ಆಮೇಲೆ ಹೊಕ್ಕುಳಿನ ತುದಿಯನ್ನು ವೈದ್ಯರು ಹೇಳಿದ ಸೌಮ್ಯ ನಂಜುನಿರೋಧಕ ದ್ರಾವಣದಲ್ಲಿ ದಿನಕ್ಕೆ ಎರಡು ಮೂರು ಸಲ ಅದ್ದಬೇಕು. ಶೇಕಡಾ 0.5ರ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಇದಕ್ಕೆ ತಕ್ಕದ್ದು. ಗಾಢವಾದ ಅಯೋಡಿನ್ ಎಳೆಯ ಚರ್ಮವನ್ನು ಸುಡುತ್ತದೆ. ಬೂದಿ, ಸಗಣಿ, ಮಣ್ಣು ಇವನ್ನಂತೂ ಹಚ್ಚಲೇಬಾರದು. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ. ಅದರ ರೋಗಾಣು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುತ್ತದೆ.

ಗಿಣ್ಣುಹಾಲೇ ಕವಚ

ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿಯ ಒಂದು ಪಾಲು ಗರ್ಭದಲ್ಲಿಯೇ ಮಗುವಿಗೆ ದೊರೆಯುತ್ತದೆ. ಕುದುರೆಯಲ್ಲಿ ಹಾಗಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಇರುವ ಪದರಗಳು ಆ ರಕ್ಷಕ ಅಂಶಗಳನ್ನು ದಾಟಗೊಡುವುದಿಲ್ಲ. ಆದಕಾರಣ ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಕವಚ ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ.

ಈ ಕವಚವನ್ನು ತೊಡಿಸಲು ಇರುವ ಸಮಯವೂ ಅಲ್ಪ. ಗಿಣ್ಣಿನ ರಕ್ಷಕ ಅಂಶಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ 6ರಿಂದ 8 ಗಂಟೆಗಳಲ್ಲಿ ಚೆನ್ನಾಗಿರುತ್ತದೆ. ಅನಂತರ ಕುಂದುತ್ತ ಹೋಗಿ 24 ಗಂಟೆಗಳ ಹೊತ್ತಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ. ಸುಮಾರು 30 ಕಿಲೋ ತೂಗುವ ಮರಿಗೆ ಈ ಮೊದಲ ಗಂಟೆಗಳಲ್ಲಿ 1 ಲೀಟರಿನಷ್ಟು ಗಿಣ್ಣುಹಾಲು ಕೆಲವು ಸಲವಾಗಿ ಹೊಟ್ಟೆ ಸೇರಬೇಕು. ಹಸುವಿನ ವಿಷಯದಲ್ಲಿ ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಹಲವೆಡೆ ಉಂಟು. ಆ ನಂಬಿಕೆಯನ್ನು ಕುದುರೆ ಮರಿಗೂ ಅನ್ವಯಿಸಿದರೆ ಅದರ ಪ್ರಾಣಕ್ಕೆ ಸಂಚಕಾರ ಬಂದೀತು.

ಮರಿ ನಿಲ್ಲಲಾರದೆ ಹೋದರೆ ತಾಯಿಯ ಗಿಣ್ಣನ್ನು ಶುದ್ಧ ಪಾತ್ರೆಗೆ ಕರೆದು ಸೀಸೆಯಲ್ಲಿ ಕುಡಿಸಬೇಕು. ತಾಯಿಯೇ ಸತ್ತಿದ್ದರೆ ಅಥವಾ ಗಿಣ್ಣು ಈಯುವ ಮುನ್ನವೇ ಸೋರಿಹೋಗಿದ್ದರೆ ಆಗತಾನೆ ಈಯ್ದ ಬೇರೆ ಕುದುರೆಯದನ್ನು ತರಬೇಕು. ಅಶ್ವಪಾಲನಾ ಕೇಂದ್ರಗಳಲ್ಲಿ ಗಿಣ್ಣನ್ನು ಹೆಪ್ಪುಗಟ್ಟಿಸಿ ಕಾಪಿಡುವುದುಂಟು. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು. ಕುದಿಸಿದರೆ ರಕ್ಷಕ ಅಂಶ ನಾಶವಾಗುತ್ತದೆ. ಹುಟ್ಟಿದ 18ರಿಂದ 24 ಗಂಟೆಗಳ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಮರಿಗೆ ಸಾಕಷ್ಟು ರಕ್ಷಣೆ ದೊರೆತಿದೆಯೇ ಎಂಬುದು ತಿಳಿಯುತ್ತದೆ. ಕೊರತೆಯಿದ್ದಲ್ಲಿ ಕುದುರೆಯ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ರಕ್ತನಾಳದ ಮೂಲಕ ಕೊಡುವುದೊಂದೇ ದಾರಿ.

ಕೆಚ್ಚಲು ಹೇಳುವ ಸುದ್ದಿ

ಅನುಭವಿಗಳು ಮರಿಯನ್ನು ನೋಡುವ ಮೊದಲು ತಾಯಿಯ ಕೆಚ್ಚಲನ್ನು ನೋಡುತ್ತಾರೆ. ಆರೋಗ್ಯವಂತ ಮರಿ ಗಂಟೆಗೆ ಹಲವು ಸಲ ಹಾಲು ಕುಡಿಯುವುದರಿಂದ ಕೆಚ್ಚಲು ಬಿಗಿಯಲು ಅವಕಾಶವೇ ಇರುವುದಿಲ್ಲ. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿದಿಲ್ಲವೆಂದೇ ಅರ್ಥ. ಮರಿಯ ಹಣೆಯ ಮೇಲೆ ಹಾಲು ಒಣಗಿ ಅಂಟಿದ್ದರೆ ಅದು ಕೆಚ್ಚಲ ಬಳಿ ನಿಂತಿದೆ, ಚೀಪಲು ಶಕ್ತಿ ಸಾಲದು ಎಂದು ತಿಳಿಯಬೇಕು. ಎಷ್ಟೋ ಸಲ ಜ್ವರಕ್ಕೂ ಮೊದಲು ಕಾಣುವ ಗುರುತು ಇದೇ.

ಮರಿಯ ಮೈಶಾಖ 99ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ. ಹೆಚ್ಚಾದರೆ ಜ್ವರ, ಕಡಮೆಯಾದರೆ ಅದಕ್ಕಿಂತಲೂ ಹೆಚ್ಚಿನ ಆತಂಕದ ವಿಷಯ. ಹುಟ್ಟಿದ ದಿನವೇ ಕಪ್ಪಾದ ಜಿಗುಟು ಲದ್ದಿ ಬೀಳಬೇಕು. ಬೀಳದೆ ಮರಿ ಬಾಲವೆತ್ತಿ ಮುಕ್ಕುತ್ತಿದ್ದರೆ ಮಲ ಕಟ್ಟಿದೆಯೆಂದು ಅರ್ಥ. ಗಂಡು ಮರಿಗಳಲ್ಲಿ ಇದು ಹೆಚ್ಚು. ಇದಕ್ಕೆ ವೈದ್ಯರು ಎನಿಮಾ ಕೊಡುತ್ತಾರೆ. ಬೆರಳು, ಕಡ್ಡಿ ಹಾಕಿ ಎಳೆಯ ಕರುಳನ್ನು ಗಾಯಗೊಳಿಸಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಮರಿ ಕುಂಟಿದರೆ ‘ತಾಯಿ ತುಳಿದಿರಬೇಕು’ ಎಂದು ಸುಮ್ಮನಾಗುವವರೇ ಹೆಚ್ಚು. ಎಳೆಯ ಮರಿಯ ಕುಂಟಿಗೆ ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಹೊಕ್ಕುಳಿನಿಂದಲೋ ಕರುಳಿನಿಂದಲೋ ಒಳಹೊಕ್ಕ ಸೋಂಕು ರಕ್ತಕ್ಕಿಳಿದು ಕೀಲುಗಳಲ್ಲಿ ನೆಲೆಸಿರುತ್ತದೆ. ಕೀಲು ಊದಿ ಬಿಸಿಯಾಗಿದ್ದರೆ ಆ ದಿನವೇ ಚಿಕಿತ್ಸೆ ತೊಡಗಬೇಕು. ತಡವಾದರೆ ಪ್ರಾಣ ಉಳಿದರೂ ಕಾಲು ಉಳಿಯದು. ಕಾಲಿಲ್ಲದ ಕುದುರೆಯ ಬಾಳೇನೆಂಬುದು ಸಾಕಿದವರಿಗೆ ತಿಳಿದೇ ಇದೆ. ನವಜಾತ ಮರಿಗಳ ಸಾವಿಗೆ ಮುಖ್ಯ ಕಾರಣವೇ ಹೀಗೆ ರಕ್ತಕ್ಕಿಳಿಯುವ ಸೋಂಕು.

ವೈದ್ಯರು ಬರುವವರೆಗೆ

ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಲು 1962 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ವೈದ್ಯರು ಬರುವವರೆಗೆ ಮನೆಯವರು ಮಾಡಬೇಕಾದ ಕೆಲಸ ಸರಳವಾದುದು. ಮರಿಯ ಮೈಯನ್ನು ಒಣಬಟ್ಟೆಯಿಂದ ಉಜ್ಜಿ ಒರಸಿ, ದಪ್ಪನೆಯ ಒಣಹುಲ್ಲಿನ ಹಾಸಿಗೆಯ ಮೇಲೆ ಗಾಳಿ ಬೀಸದ ಕಡೆ ಮಲಗಿಸಬೇಕು. ಕಂಬಳಿ ಹೊದಿಸಿ, ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಒಂದೇ ಮಗ್ಗುಲಾಗಿ ಬಿಡದೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಒತ್ತು ಕೊಡಬೇಕು. ಏಳಲಾರದ ಮರಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಶ್ವಾಸಕೋಶಕ್ಕೆ ತೊಂದರೆಯಾಗಿ ಮೈಮೇಲೆ ಹುಣ್ಣುಗಳೇಳುತ್ತವೆ. ತಾಯಿಯನ್ನು ದೂರ ಕಟ್ಟಬಾರದು. ಮರಿಯ ವಾಸನೆ ಆಕೆಗೆ ಸಿಗುತ್ತಿರಬೇಕು. ಹಾಲು ಬತ್ತದಂತೆ ಆಗಾಗ ಕರೆಯುತ್ತಲೂ ಇರಬೇಕು. ಮನುಷ್ಯರಿಗೆಂದು ತಂದು ಉಳಿದ ನೋವಿನ ಮಾತ್ರೆಗಳನ್ನು ಮರಿಗೆ ಕೊಡುವುದು ಸಲ್ಲದು. ಅವು ಅದರ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ಹಾಲು ಕುಡಿಸುವ ಕ್ರಮ

ಪ್ರೀತಿಯಿಂದಲೇ ಅನಾಹುತವಾಗುವುದು ಈ ಕೆಲಸದಲ್ಲಿ. ಬೆರಳನ್ನು ಬಾಯಲ್ಲಿಟ್ಟರೂ ಚೀಪದಷ್ಟು ನಿತ್ರಾಣವಾದ ಮರಿಗೆ ಗೊಟ್ಟದಿಂದ ಹಾಲು ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಅಂಥ ಮರಿಗೆ ವೈದ್ಯರು ಮೂಗಿನ ಮೂಲಕ ಕೊಳವೆ ಇಳಿಸಿ ಹಾಲುಣಿಸಬೇಕು. ಮೈ ತಣ್ಣಗಾದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲಿನ ಮಾತು. ಚೀಪುವ ಮರಿಗೆ ಸೀಸೆ ಹಿಡಿಯುವಾಗ ಅದು ನಿಂತಿರಬೇಕು ಅಥವಾ ಎದೆಯ ಮೇಲೆ ಕುಳಿತಿರಬೇಕು. ಸೀಸೆ ಅದರ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಬೇಕು.

ಆರೋಗ್ಯವಾಗಿರುವ ಮರಿ ದಿನಕ್ಕೆ ತನ್ನ ತೂಕದ ಶೇಕಡಾ 20ರಿಂದ 25ರಷ್ಟು ಹಾಲು ಕುಡಿಯುತ್ತದೆ. ಕಾಯಿಲೆಯ ಮರಿಗೆ ಮೊದಲು ಶೇಕಡಾ 10ರಷ್ಟು ಕೊಟ್ಟು ನೋಡುವುದು ವಾಡಿಕೆ. 30 ಕಿಲೋ ತೂಕದ ಮರಿಗೆ ಇದು ದಿನಕ್ಕೆ 3 ಲೀಟರು. 2 ಗಂಟೆಗೊಮ್ಮೆ 250 ಮಿಲಿಲೀಟರಿನಂತೆ 12 ಸಲ. ಜೀರ್ಣವಾದಂತೆ ವೈದ್ಯರ ಸಲಹೆಯ ಮೇರೆಗೆ ಏರಿಸಬೇಕು.

ಕುದುರೆಯ ಹಾಲು ಹಸುವಿನ ಹಾಲಿಗಿಂತ ತೆಳು. ಅದರಲ್ಲಿ ಜಿಡ್ಡು ಕಡಮೆ, ಸಿಹಿ ಹೆಚ್ಚು. ತಬ್ಬಲಿ ಮರಿಗೆ ಮೇಕೆಯ ಹಾಲು ಸಾಮಾನ್ಯವಾಗಿ ಒಗ್ಗುತ್ತದೆ. ಹಸುವಿನ ಹಾಲೇ ಗತಿಯಾದರೆ ಶೇಕಡಾ 2ರಷ್ಟು ಜಿಡ್ಡುಳ್ಳ ಹಾಲಿನ ಪ್ರತಿ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ ಬೆರೆಸುವ ಕ್ರಮವಿದೆ. ಅಡುಗೆಮನೆಯ ಸಕ್ಕರೆ ಅಥವಾ ಬೆಲ್ಲವನ್ನು ಹಾಕಬಾರದು. ಅದನ್ನು ಅರಗಿಸುವ ಶಕ್ತಿ ಎಳೆಯ ಕರುಳಿಗೆ ಇನ್ನೂ ಬಂದಿರುವುದಿಲ್ಲವಾಗಿ ಭೇದಿ ಹಿಡಿಯುತ್ತದೆ.

ಭೇದಿಯೆಲ್ಲ ಒಂದೇ ಅಲ್ಲ

ಹುಟ್ಟಿದ 5ರಿಂದ 14 ದಿನಗಳ ನಡುವೆ ಅನೇಕ ಮರಿಗಳಿಗೆ ಸಣ್ಣಗೆ ಭೇದಿಯಾಗುತ್ತದೆ. ತಾಯಿ ಮತ್ತೆ ಬೆದೆಗೆ ಬರುವ ದಿನಗಳೂ ಅವೇ ಆಗಿರುವುದರಿಂದ ಬೆದೆಯೇ ಕಾರಣವೆಂದು ಹಿಂದೆ ಭಾವಿಸಿದ್ದರು. ಮರಿಯ ಕರುಳು ಹೊರಜಗತ್ತಿಗೆ ಹೊಂದಿಕೊಳ್ಳುವ ಹಂತ ಅದೆಂದು ಈಗ ತಿಳಿದಿದೆ. ಈ ವಯಸ್ಸಿನಲ್ಲಿ ಮರಿ ತಾಯಿಯ ಲದ್ದಿಯನ್ನು ಮೆಲ್ಲುವುದೂ ಸಹಜವೇ, ಹೊಡೆದು ಬಿಡಿಸಬೇಕಾಗಿಲ್ಲ. ಮರಿ ಚಟುವಟಿಕೆಯಿಂದಿದ್ದು ಹಾಲು ಕುಡಿಯುತ್ತಿದ್ದರೆ ಬಾಲದ ಕೆಳಗೆ ತೊಳೆದು ಒರಸಿ ಚರ್ಮವನ್ನು ಕಾಪಾಡಿದರೆ ಸಾಕು. ಆದರೆ ಭೇದಿ ನೀರಾಗಿ ಹೋಗಿ, ಜ್ವರ ಬಂದು, ಮರಿ ಹಾಲು ಬಿಟ್ಟರೆ ಅದು ಬೇರೆಯ ಕಾಯಿಲೆ. ಕಣ್ಣು ಗುಳಿಬಿದ್ದು ಬಾಯಿ ಒಣಗಿತೆಂದರೆ ಮೈಯ ನೀರು ಬತ್ತುತ್ತಿದೆ. ಆಗ ರಕ್ತನಾಳಕ್ಕೆ ದ್ರವ ಏರಿಸಬೇಕಾಗುತ್ತದೆ.

ದಾರಿ ಮರೆತ ಮರಿ

ಕೆಲವು ಮರಿಗಳು ಹುಟ್ಟಿದ ಮೇಲೆ ತಾಯಿಯನ್ನೇ ಗುರುತಿಸದೆ, ಗೋಡೆಯನ್ನು ನೆಕ್ಕುತ್ತ, ಮಂಕಾಗಿ ಅಲೆಯುತ್ತವೆ. ಗರ್ಭದಲ್ಲಿ ಮರಿಯನ್ನು ನಿದ್ದೆಯಲ್ಲಿಡುವ ರಸಗಳು ಹುಟ್ಟಿದ ಮೇಲೂ ಇಳಿಯದಿರುವುದು ಇದಕ್ಕೆ ಒಂದು ಕಾರಣವೆಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ಜಾನ್ ಮ್ಯಾಡಿಗನ್ ಅವರ ಅಭಿಪ್ರಾಯ. ಮರಿಯ ಎದೆಯ ಸುತ್ತ ಮೆತ್ತನೆಯ ಹಗ್ಗವನ್ನು ಸುತ್ತಿ, ಹುಟ್ಟುವಾಗ ಆಗುವ ಒತ್ತಡವನ್ನೇ ಸುಮಾರು 20 ನಿಮಿಷ ಮತ್ತೆ ಕೊಡುವ ಕ್ರಮವನ್ನು ಅವರು ರೂಢಿಗೆ ತಂದರು. ಒತ್ತಡದಲ್ಲಿ ಮರಿ ನಿದ್ದೆ ಹೋಗುತ್ತದೆ. ಸಡಿಲಿಸಿದ ಮೇಲೆ ಎಚ್ಚೆತ್ತು ಕೆಚ್ಚಲನ್ನು ಹುಡುಕಿಕೊಂಡು ಹೋದ ಮರಿಗಳು ಉಂಟು. ಪಕ್ಕೆಲುಬು ಮುರಿದ ಮರಿಗೆ ಇದು ಅಪಾಯವಾದ್ದರಿಂದ ಬಲ್ಲವರೇ ಮಾಡಬೇಕು. ಸೋಂಕು ಸೇರದೆ, ಹಾಲುಣಿಸಿ ಕಾಪಾಡಿದರೆ ಇಂಥ ಬಹುಪಾಲು ಮರಿಗಳು ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ.

ಸರದಿಯ ಸೇವೆ

ಎರಡು ಗಂಟೆಗೊಮ್ಮೆ ಹಾಲು, ಎರಡು ಗಂಟೆಗೊಮ್ಮೆ ಮಗ್ಗುಲು ಎಂದ ಮೇಲೆ ಇದು ಒಬ್ಬರ ಕೈಯಿಂದಾಗುವ ಕೆಲಸವಲ್ಲ. ಮನೆಯವರು ಸರದಿ ಹಾಕಿಕೊಳ್ಳಬೇಕು. ಶಾಲೆಗೆ ಹೋಗುವ ಮಗುವೂ ಒಂದು ಹಳೆಯ ಪುಸ್ತಕದಲ್ಲಿ ಕುಡಿದ ಹಾಲು, ಮೈಶಾಖ, ಮೂತ್ರ, ಲದ್ದಿ ಇವುಗಳನ್ನು ವೇಳೆಯೊಡನೆ ಬರೆದಿಡಬಹುದು. ವೈದ್ಯರಿಗೆ ಆ ಪುಟ ಅಮೂಲ್ಯ.

ಇಷ್ಟೆಲ್ಲ ಮಾಡಿದರೂ ಎಲ್ಲ ಮರಿಗಳೂ ಉಳಿಯುವುದಿಲ್ಲ. ಪ್ಲಾಸ್ಮಾ, ದ್ರವ, ಔಷಧಿಗಳ ವೆಚ್ಚ ಹಗುರವಲ್ಲ. ಸೋಂಕು ಹಲವು ಕೀಲುಗಳಿಗೆ ಹರಡಿದ ಮರಿಯನ್ನು ನರಳಿಸುತ್ತ ಉಳಿಸಿಕೊಳ್ಳುವುದು ದಯೆಯೂ ಅಲ್ಲ. ಅಂಥ ಸಂದರ್ಭದಲ್ಲಿ ವೈದ್ಯರು ನೇರವಾಗಿ ಹೇಳಿದ ಮಾತನ್ನು ಕೇಳಿ ಮನೆಯವರು ಕೂಡಿ ನಿರ್ಧರಿಸಬೇಕು. ಬೇಗ ಕಂಡುಹಿಡಿದ ಕಾಯಿಲೆಯಲ್ಲಿ ಈ ಕಠಿಣ ಪ್ರಶ್ನೆ ಏಳುವುದು ಅಪರೂಪ.

ಚೇತರಿಸಿದ ಮರಿಯನ್ನು ಸಾಧ್ಯವಾದಷ್ಟು ಬೇಗ ತಾಯಿಯ ಕೆಚ್ಚಲಿಗೇ ಹಿಂದಿರುಗಿಸಬೇಕು. ಕೈಯಲ್ಲಿ ಬೆಳೆದ ಮರಿ ಮನುಷ್ಯರನ್ನು ತನ್ನವರೆಂದು ತಿಳಿದು, ಆಟಕ್ಕೆಂದು ಮುಂಗಾಲೆತ್ತುತ್ತದೆ, ಕಚ್ಚುತ್ತದೆ. ಎಳೆಯದರಲ್ಲಿ ಮುದ್ದಾಗಿ ಕಂಡ ಈ ಆಟವು ಅದು ದೊಡ್ಡದಾದ ಮೇಲೆ ಮಕ್ಕಳಿಗೆ ಅಪಾಯ. ಆದ್ದರಿಂದ ಇತರ ಕುದುರೆಗಳ ಸಹವಾಸದಲ್ಲಿ ಅದು ಬೆಳೆಯುವಂತೆ ನೋಡಿಕೊಳ್ಳಬೇಕು.

ಈ ಸೇವೆಯ ತಯಾರಿ ಮರಿ ಹುಟ್ಟುವ ಮುಂಚೆಯೇ ತೊಡಗಬೇಕು. ಈಯುವ 4ರಿಂದ 6 ವಾರ ಮೊದಲು ತಾಯಿಗೆ ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಸಲ್ಲುತ್ತದೆ. ಒಣಗಿದ ಶುದ್ಧ ಲಾಯ, ಒಂದು ಉಷ್ಣಮಾಪಕ, ಹೊಕ್ಕುಳಿಗೆ ದ್ರಾವಣ, ಚೊಕ್ಕಟವಾದ ಸೀಸೆ, ವೈದ್ಯರ ದೂರವಾಣಿ ಸಂಖ್ಯೆ, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳುವುದು ಯಾವ ಬಡ ಮನೆಗೂ ಅಸಾಧ್ಯವಲ್ಲ. ಹನ್ನೊಂದು ತಿಂಗಳು ತಾಯಿ ಹೊತ್ತ ಜೀವಕ್ಕೆ ನಾವು ಕೊಡಬೇಕಾದುದು ಮೊದಲ ಒಂದು ದಿನದ ಎಚ್ಚರ. ಕುದುರೆ ಸಾಕುವ ಪ್ರತಿಯೊಂದು ಮನೆಯೂ ಅದನ್ನು ತನ್ನ ಕರ್ತವ್ಯವೆಂದು ತಿಳಿಯಲಿ.