ಸಾಮಾಜಿಕ ಜಾಲತಾಣ: ಕತಾರ್ ಕನ್ನಡಿಗರಿಗೆ ನಂಟೂ ಹೌದು, ನೌಕರಿಯ ದಾರಿಯೂ ಹೌದು



ಕತಾರಿನಲ್ಲಿ ಇಂದು ಸುಮಾರು ಎಂಟು ಲಕ್ಷ ಭಾರತೀಯರಿದ್ದಾರೆ. ಅವರ ನಡುವೆ ಮಂಗಳೂರು, ಉಡುಪಿ, ಬೆಂಗಳೂರು, ಹುಬ್ಬಳ್ಳಿ ಎಂದು ನಾನಾ ಕಡೆಯಿಂದ ಬಂದ ನಾವು ಕನ್ನಡಿಗರು ದೋಹಾ, ಅಲ್ ವಕ್ರಾ, ಅಲ್ ಖೋರ್, ಮೆಸಯೀದ್, ದುಖಾನ್ ಹೀಗೆ ಚದುರಿ ಹೋಗಿದ್ದೇವೆ. ಯುಗಾದಿ, ರಾಜ್ಯೋತ್ಸವಗಳಲ್ಲಿ ಒಂದೆಡೆ ಸೇರುತ್ತೇವೆ ನಿಜ. ಉಳಿದ ದಿನಗಳಲ್ಲಿ ನಮ್ಮನ್ನು ಬೆಸೆದಿರುವುದು ಕೈಯಲ್ಲಿರುವ ಮೊಬೈಲ್.

2004ರಲ್ಲಿ ಆರ್ಕುಟ್ ಬಂದಾಗ ಹಳೆಯ ಕಾಲೇಜು ಗೆಳೆಯರನ್ನು ಹುಡುಕಿ ಸಂಭ್ರಮಿಸಿದವರು ನಮ್ಮಲ್ಲಿ ಅನೇಕರು. ಅದು 2014ರಲ್ಲಿ ಮುಚ್ಚಿತು. ಈಗ ಮನೆಮಂದಿಯ ಮಾತಿಗೆ ವಾಟ್ಸಾಪ್, ಗೆಳೆಯರ ಬಳಗಕ್ಕೆ ಫೇಸ್‌ಬುಕ್, ಉದ್ಯೋಗಕ್ಕೆ ಲಿಂಕ್ಡ್‌ಇನ್ ಎಂಬಂತಾಗಿದೆ. ಇವೆಲ್ಲ ಬರೀ ಕಾಲಹರಣ ಎನ್ನುವವರು 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಬೇಕು. ಕೋವಿಡ್‌ನಿಂದ ವಿಮಾನಗಳು ನಿಂತಿದ್ದಾಗ ವಂದೇ ಭಾರತ್ ವಿಮಾನಗಳ ವಿವರವನ್ನು ರಾಯಭಾರ ಕಚೇರಿ ಟ್ವಿಟರ್, ಫೇಸ್‌ಬುಕ್‌ಗಳಲ್ಲೇ ತಿಳಿಸುತ್ತಿತ್ತು. ಗರ್ಭಿಣಿಯರಿಗೆ, ಕೆಲಸ ಕಳೆದುಕೊಂಡವರಿಗೆ ಆ ಸುದ್ದಿ ಬೇಗ ತಲುಪುವುದೇ ದೊಡ್ಡ ಸಹಾಯವಾಗಿತ್ತು.

ಕೆಲಸ ಬದಲಿಸುವವರಿಗೆ

ಮೊದಲು ಇಲ್ಲಿ ಕಂಪನಿ ಬದಲಿಸಲು ಹಳೆಯ ಮಾಲೀಕರ ಎನ್‌ಒಸಿ ಬೇಕಿತ್ತು. 2020ರ ಕಾನೂನು ಸಂಖ್ಯೆ 19 ಈ ಷರತ್ತನ್ನು ತೆಗೆದುಹಾಕಿತು. ಈಗ ಎರಡು ವರ್ಷದವರೆಗೆ ದುಡಿದವರು ಒಂದು ತಿಂಗಳು, ಅದಕ್ಕಿಂತ ಹೆಚ್ಚು ದುಡಿದವರು ಎರಡು ತಿಂಗಳು ಮೊದಲೇ ನೋಟಿಸ್ ಕೊಟ್ಟು, ಕಾರ್ಮಿಕ ಸಚಿವಾಲಯದ ಮೂಲಕ ಬದಲಾಯಿಸಿಕೊಳ್ಳಬಹುದು. ಹಾಗಾಗಿ ಪರಿಚಯದ ಬೆಲೆ ಹೆಚ್ಚಿದೆ. ಲಿಂಕ್ಡ್‌ಇನ್‌ನಲ್ಲಿ ಹೆಸರು, ಭಾವಚಿತ್ರ ಹಾಕಿ ಸುಮ್ಮನಾದರೆ ಸಾಲದು. ಮಾಡಿದ ಕೆಲಸವನ್ನು ಸ್ಪಷ್ಟವಾಗಿ ಬರೆಯಿರಿ. ಇಂಜಿನಿಯರಾಗಿದ್ದರೆ ಯುಪಿಡಿಎ ನೋಂದಣಿ, ನರ್ಸ್ ಅಥವಾ ವೈದ್ಯರಾಗಿದ್ದರೆ ಇಲ್ಲಿನ ಆರೋಗ್ಯ ಸಚಿವಾಲಯದ ಪರವಾನಗಿ ಇದೆ ಎಂದು ಮರೆಯದೆ ತಿಳಿಸಿ. ಕೆಲಸ ಬೇಕಾದಾಗ ಮಾತ್ರ ಸಂದೇಶ ಕಳಿಸುವುದಕ್ಕಿಂತ, ಬೇರೆಯವರು ಕೇಳಿದಾಗ ನಾಲ್ಕು ಮಾತು ಉತ್ತರಿಸಿದವರಿಗೇ ಮುಂದೆ ಸಹಾಯ ಸಿಗುತ್ತದೆ.

ಊರಿನಿಂದ ಕೇಳುವವರಿಗೆ

ನಮ್ಮ ನಂಟಿನ ನಿಜವಾದ ಬೆಲೆ ಇರುವುದು ಇಲ್ಲಿ. "ಕತಾರಿನಲ್ಲಿ ಕೆಲಸ ಖಾಲಿ ಇದೆ, ಹಣ ಕಟ್ಟಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ, ಸಾಲ ಮಾಡಿ ಚಿನ್ನ ಅಡವಿಟ್ಟು ಹಣ ಕಟ್ಟುವ ಹುಡುಗರು ಇಂದಿಗೂ ಇದ್ದಾರೆ. ಊರಿನ ಯಾರಾದರೂ "ಅಣ್ಣಾ, ಈ ಕಂಪನಿ ನಿಜವಾಗಿ ಉಂಟಾ?" ಎಂದು ಕೇಳಿದರೆ ಸಂದೇಶ ನೋಡಿ ಸುಮ್ಮನಿರಬೇಡಿ. ಅವರಿಗೆ ಇಷ್ಟು ಹೇಳಿದರೂ ಸಾಕು:

1. ಏಜೆಂಟರ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಲಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಲಿ.

2. ಭೇಟಿ ವೀಸಾದಲ್ಲಿ ಬಂದು ಕೆಲಸ ಮಾಡುವಂತಿಲ್ಲ. "ಮೊದಲು ಬನ್ನಿ, ಆಮೇಲೆ ನೋಡೋಣ" ಎಂದರೆ ನಂಬಬಾರದು.

3. ಉದ್ಯೋಗ ವೀಸಾದ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಒಪ್ಪಂದದ ಸಹಿ ಭಾರತದಲ್ಲಿರುವ ಕತಾರ್ ವೀಸಾ ಕೇಂದ್ರದಲ್ಲಿ ನಡೆಯುತ್ತವೆ. ಸಂಬಳವನ್ನು ಅಲ್ಲೇ ಓದಿ ನೋಡಿ ಸಹಿ ಹಾಕಲಿ.

ಕನಿಷ್ಠ ವೇತನವನ್ನೂ ತಿಳಿಸಿ. 2021ರ ಮಾರ್ಚ್‌ನಿಂದ ಅದು ತಿಂಗಳಿಗೆ 1,000 ರಿಯಾಲ್. ಕಂಪನಿಯೇ ವಸತಿ, ಊಟ ಕೊಡದಿದ್ದರೆ ವಸತಿಗೆ 500, ಊಟಕ್ಕೆ 300 ರಿಯಾಲ್ ಸೇರಿಸಿ ಕೊಡಬೇಕು.

ಚಿತ್ರ ಹಾಕುವ ಮುನ್ನ

ಇಲ್ಲಿನ ಕಾನೂನನ್ನೂ ಅರಿತಿರೋಣ. ಸೈಬರ್ ಅಪರಾಧ ತಡೆ ಕಾನೂನು 2014ರಿಂದಲೇ ಇದೆ. 2025ರ ತಿದ್ದುಪಡಿಯಂತೆ, ಸಾರ್ವಜನಿಕ ಸ್ಥಳದಲ್ಲಿ ತೆಗೆದದ್ದಾದರೂ, ಒಬ್ಬರ ಚಿತ್ರ ಅಥವಾ ವಿಡಿಯೋವನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಹಾಕಿ ಖಾಸಗಿತನಕ್ಕೆ ಧಕ್ಕೆ ತಂದರೆ ಒಂದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರಿಯಾಲ್‌ವರೆಗೆ ದಂಡ, ಅಥವಾ ಇವೆರಡರಲ್ಲಿ ಒಂದು ಆಗಬಹುದು. ಅಪಘಾತದ ಗಾಯಾಳುಗಳ ಚಿತ್ರ ತೆಗೆಯುವುದೂ ಅಪರಾಧವೇ. ನಮ್ಮ ಸಮಾರಂಭಗಳಲ್ಲೂ ಮಕ್ಕಳ, ಹೆಣ್ಣುಮಕ್ಕಳ ಚಿತ್ರ ಹಾಕುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯ ಪದ್ಧತಿ. ಖಚಿತವಿಲ್ಲದ ಸುದ್ದಿಯನ್ನು ಮುಂದೆ ಕಳಿಸುವುದೂ ಬೇಡ.

ಊರು ಬಿಟ್ಟು ಬಂದವರಿಗೆ ನಾಲ್ಕು ಜನರ ನಂಟೇ ಆಸ್ತಿ. ಈ ವಾರ ಬಿಡುವು ಮಾಡಿಕೊಂಡು, ಮಾತು ಬಿಟ್ಟುಹೋದ ಒಬ್ಬ ಗೆಳೆಯನಿಗೆ ಎರಡು ಸಾಲು ಬರೆಯಿರಿ. ಉತ್ತರ ಕಾಯುತ್ತಿರುವ ಊರಿನ ಒಬ್ಬ ತಮ್ಮನಿಗೋ ತಂಗಿಗೋ ಉತ್ತರಿಸಿ.