ಅಪ್ಪನ ನೋಟುಬುಕ್ಕಿನ 58,112

ಅಪ್ಪನ ಹಳೇ ನೋಟುಬುಕ್ಕಿನ ನಡುಪುಟದಲ್ಲಿ ಒಂದು ಸಂಖ್ಯೆಗೆ ಎರಡು ಸುತ್ತು ಗೆರೆ ಎಳೆದಿದೆ: 58,112. ಅದರ ಕೆಳಗೆ, 'ಮುಂಬಯಿಗೆ ಮಾತ್ರ'. ಪಿನ್‌ಕೋಡೋ ಸೊಸೈಟಿಯ ಸಾಲವೋ ಇರಬಹುದೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅದು ತಂತಿಸುರುಳಿಯ ಲೆಕ್ಕವೆಂದು ಗೊತ್ತಾದದ್ದು ಹೋದ ಮಳೆಗಾಲದಲ್ಲಿ.

ಎಂಬತ್ತರ ದಶಕದ ಡೊಂಬಿವಲಿಯಲ್ಲಿ ಮನೆಯಲ್ಲೇ ರೇಡಿಯೊ ಕಟ್ಟುವವರಿಗೆ ಸಾಮಾನು ಸಿಗುತ್ತಿದ್ದದ್ದು ಲ್ಯಾಮಿಂಗ್ಟನ್ ರೋಡಿನಲ್ಲಿ. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿಯಬೇಕು. ಕಂಡೆನ್ಸರಿನ ಮೈಮೇಲೆ ಅದರ ಅಳತೆ ಅಚ್ಚಾಗಿರುತ್ತದೆ. ಕೈಯಲ್ಲಿ ಸುತ್ತಿದ ಕಾಯಿಲಿನ ಮೇಲೆ ಏನೂ ಇರುವುದಿಲ್ಲ. ಅದರ ಇಂಡಕ್ಟೆನ್ಸ್ ಅಳೆಯುವ ಮೀಟರು ಕಾಲೇಜಿನ ಲ್ಯಾಬಿನಲ್ಲಿತ್ತು, ನಮ್ಮ ಒಂದೂವರೆ ಕೋಣೆಯಲ್ಲಿ ಇರಲಿಲ್ಲ.

ಇಂಡಕ್ಟೆನ್ಸ್ ಎಂಬ ಈ ಗುಣವನ್ನು ಮೊದಲು ಬರೆದಿಟ್ಟವನು ಅಮೆರಿಕದ ಜೋಸೆಫ್ ಹೆನ್ರಿ. ಉದ್ದ ತಂತಿಯ ಸಂಪರ್ಕ ಕಡಿದಾಗ ಕಿಡಿ ಹಾರುವುದನ್ನು ಆತ 1832ರಲ್ಲಿ ಪ್ರಕಟಿಸಿದ. 1893ರ ಶಿಕಾಗೊ ಸಮ್ಮೇಳನದಲ್ಲಿ ಆತನ ಹೆಸರೇ ಅಳತೆಯ ಮಾನವಾಯಿತು. 1909ರಲ್ಲಿ ಜಪಾನಿನ ನಾಗಾವೊಕ ಸುರುಳಿಯ ಆಕಾರಕ್ಕೆ ತಕ್ಕ ಗುಣಕಗಳ ಕೋಷ್ಟಕ ಕೊಟ್ಟ. ಆದರೆ ಮನೆಯಲ್ಲೇ ಕಾಯಿಲ್ ಸುತ್ತುವವರ ಪಾಲಿಗೆ ದೇವರಾದವನು ಹೆರಾಲ್ಡ್ ವೀಲರ್. ಕೋಷ್ಟಕವನ್ನೇ ಬದಿಗಿಡುವಂಥ ಸೂತ್ರವನ್ನು 1928ರಲ್ಲಿ ಕೊಟ್ಟ: ತ್ರಿಜ್ಯ ಮತ್ತು ಸುತ್ತುಗಳ ವರ್ಗಗಳನ್ನು ಗುಣಿಸಿ, ಒಂಬತ್ತು ಪಟ್ಟು ತ್ರಿಜ್ಯ ಮತ್ತು ಹತ್ತು ಪಟ್ಟು ಉದ್ದದ ಮೊತ್ತದಿಂದ ಭಾಗಿಸಿ. ಅಳತೆ ಇಂಚಿನಲ್ಲಿ, ಉತ್ತರ ಮೈಕ್ರೋಹೆನ್ರಿಯಲ್ಲಿ. ಎರಡಿಂಚು ವ್ಯಾಸದ ರಟ್ಟಿನ ಕೊಳವೆಗೆ 24 ಗೇಜಿನ ಇನಾಮೆಲ್ ತಂತಿ 82 ಸುತ್ತು ಒತ್ತಾಗಿ ಸುತ್ತಿದರೆ ಎರಡಿಂಚು ಉದ್ದವಾಗುತ್ತದೆ, ಲೆಕ್ಕ 232 ಬರುತ್ತದೆ.

ಲೆಕ್ಕ ಸರಿ, ತಾಳೆ ನೋಡುವುದು ಹೇಗೆ? ಇಲ್ಲಿ ಅಪ್ಪನ ಸಂಖ್ಯೆ ಬರುತ್ತದೆ. ಮೀಡಿಯಂ ವೇವ್ ನಿಲಯಗಳ ತರಂಗಾಂಕಗಳನ್ನು ಒಂಬತ್ತರ ಮಗ್ಗಿಗೆ ಕೂರಿಸಬೇಕೆಂದು 1975ರಲ್ಲಿ ಜಿನೀವಾದಲ್ಲಿ ನಿರ್ಧಾರವಾಗಿತ್ತು. 1978ರ ನವೆಂಬರ್ 23ರಂದು ಅದು ಜಾರಿಯಾಯಿತು. ಮುಂಬಯಿ 'ಎ' 1044 ಕಿಲೋಹರ್ಟ್ಸ್, 'ಬಿ' 558: 116 ಒಂಬತ್ತು, 62 ಒಂಬತ್ತು. ಸ್ಫಟಿಕಕ್ಕೆ ಕಟ್ಟಿಹಾಕಿದ ಈ ಎರಡು ತರಂಗಗಳು ಠಾಣೆ, ಕಲ್ಯಾಣ, ಡೊಂಬಿವಲಿಯ ಪ್ರತಿ ಮನೆಗೂ ಕಾಸು ಕೇಳದೆ ಬರುವ ಅಳತೆಗೋಲುಗಳಾದವು.

ಕೆಲಸ ಹೀಗೆ. ಕಾಯಿಲಿಗೆ ಹಳೇ ರೇಡಿಯೊದ ಗ್ಯಾಂಗ್ ಕಂಡೆನ್ಸರ್, ಜರ್ಮೇನಿಯಂ ಡಯೋಡ್, ಕಿವಿಗೆ ಇಯರ್‌ಫೋನ್. ಗ್ಯಾಂಗ್ ತಿರುಗಿಸಿ 1044 ಹಿಡಿಯಬೇಕು. ಆಮೇಲೆ ಗ್ಯಾಂಗನ್ನು ಮುಟ್ಟಕೂಡದು. 558 ಜೋರಾಗಿ ಕೇಳುವವರೆಗೆ, ಅಳತೆ ಅಚ್ಚಾದ ಚಿಕ್ಕ ಕಂಡೆನ್ಸರುಗಳನ್ನು ಅಡ್ಡಲಾಗಿ ಸೇರಿಸುತ್ತ ಹೋಗಬೇಕು. ಸೇರಿಸಿದ್ದು ಎಷ್ಟು ಪಿಕೋಫ್ಯಾರಡ್ಡೋ ಅದರಿಂದ, ಈ ಎರಡು ತರಂಗಾಂಕಗಳಿಂದಲೇ ಬರುವ 58,112ನ್ನು ಭಾಗಿಸಿದರೆ ಮೈಕ್ರೋಹೆನ್ರಿ ಸಿಕ್ಕಿತು. ಗ್ಯಾಂಗ್ ಎಷ್ಟಿತ್ತು, ತಂತಿಗಳ ನಡುವೆ ಕದ್ದು ಕೂತದ್ದು ಎಷ್ಟು ಎಂದು ತಿಳಿಯಬೇಕಿಲ್ಲ. ಅದು ಎರಡೂ ಕಡೆ ಒಂದೇ, ಕಳೆದುಹೋಗುತ್ತದೆ. ಅಳೆಯಲಾಗದ್ದನ್ನು ಅಳೆಯದೆಯೇ ದಾಟುವ ಈ ಜಾಣತನಕ್ಕೆ ನಾನು ಮರುಳಾದೆ.

ಮಾಡಿಯೂ ನೋಡಿದೆ. 220 ಪಿಕೋಫ್ಯಾರಡ್ಡಿಗೆ 558ರ ದನಿ ಕ್ಷೀಣವಾಗಿತ್ತು. 33 ಸೇರಿಸಿದಾಗ ತುಂಬಿ ಬಂತು, ಅದರ ಬದಲು 47 ಹಾಕಿದರೆ ಮತ್ತೆ ಸೊರಗಿತು. ಒಟ್ಟು 253, ಅಂದರೆ 230 ಮೈಕ್ರೋಹೆನ್ರಿ. ವೀಲರನ ಲೆಕ್ಕಕ್ಕಿಂತ ಎರಡೇ ಕಡಿಮೆ. ಆದರೆ ಇದಕ್ಕಾಗಿ ಮನೆಯ ಎಲ್‌ಇಡಿ ದೀಪ, ಚಾರ್ಜರ್, ವೈಫೈ ಎಲ್ಲ ಆರಿಸಿ, ಪಕ್ಕದ ಮನೆಯವರೂ ಮಲಗುವವರೆಗೆ ಕಾಯಬೇಕಾಯಿತು. ಬಡವನ ಅಳತೆಗೋಲನ್ನು ಈ ಉಪಕರಣಗಳ ವಿದ್ಯುತ್ ಗದ್ದಲದಲ್ಲಿ ಹೂತುಹಾಕುತ್ತಿದ್ದೇವೆ, ಯಾರೂ ಮರುಗುತ್ತಿಲ್ಲ. ಇದು ನನಗೆ ನಿಜಕ್ಕೂ ಸಂಕಟ.

ನೋಟುಬುಕ್ಕಿನ ಅದೇ ಪುಟದ ಅಂಚಿನಲ್ಲಿ ಇನ್ನೊಂದು ಸಾಲಿದೆ: '1044ರ ಜಾಗ, 82 ಪಿಕೋಫ್ಯಾರಡ್ ಸೇರಿಸು, ಗ್ಯಾಂಗ್ ಕೂದಲೆಳೆಯಷ್ಟು: 765'. ಅದು ಅಳತೆಯ ಸಾಲಲ್ಲ. 765 ಧಾರವಾಡದ ನಿಲಯ. ರಾತ್ರಿ ಊಟವಾದ ಮೇಲೆ ಅಪ್ಪ ತನ್ನ ಎರಡು ಟ್ರಾನ್ಸಿಸ್ಟರಿನ ಸೆಟ್ಟಿಗೆ ಇದೇ ಕಾಯಿಲ್ ಜೋಡಿಸಿ, ಕಿಟಕಿಯ ಸರಳಿಗೆ ತಂತಿ ಸಿಕ್ಕಿಸಿ ಕೂರುತ್ತಿದ್ದರು.